ಪಾನಾದ ಪಾಳಿ

ಆ ಬೇಸಿಗೆಯ ಬಹುಪಾಲು ಎಂಟು ಬೋಲ್ಟುಗಳ ಜೊತೆ ಜಗಳವಾಡುವುದರಲ್ಲೇ ಕಳೆಯಿತು. ಬೋಲ್ಟು ಜಗಳಕ್ಕೆ ಬರುವ ವಸ್ತುವಲ್ಲ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಸರಿಯಾದ ಅಳತೆಯದನ್ನು ಹಾಕಿ ಸರಿಯಾಗಿ ಬಿಗಿದರೆ ಅದು ತನ್ನ ಪಾಡಿಗೆ ತಾನಿರುತ್ತದೆ, ನಾವು ನಮ್ಮ ಪಾಡಿಗೆ ಮನೆಗೆ ಹೋಗಬಹುದು.

ಮುದ್ದೇಬಿಹಾಳದಿಂದ ನಾಲತವಾಡದ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ ಕುಡಿಯುವ ನೀರಿನ ದೊಡ್ಡ ಕೊಳವೆ ಹೋಗಿದೆ. ಜಲಾಶಯದಿಂದ ನೀರೆತ್ತಿ ಒಂದು ಸಾಲು ಹಳ್ಳಿಗಳ ಟಾಕಿ ತುಂಬಿಸುವ ಯೋಜನೆ ಅದು. ಅದರ ದುರಸ್ತಿಯ ಗುತ್ತಿಗೆ ಹಿಡಿದವರ ಕೈಕೆಳಗೆ ನಾನು ಫಿಟ್ಟರ್. ನನ್ನ ಊರು ಇಂಡಿ ತಾಲ್ಲೂಕಿನ ತಾಂಬಾ. ಕೆಲಸಕ್ಕಾಗಿ ಮುದ್ದೇಬಿಹಾಳದ ಬಾಡಿಗೆ ಖೋಲಿಯಲ್ಲಿದ್ದೆ. ನನಗೆ ಕೆಲಸ ಹೇಳುವ ಸಾಹೇಬರು ಬಸವನ ಬಾಗೇವಾಡಿಯಲ್ಲಿ ಕೂರುತ್ತಿದ್ದರು. ದಿನಾ ಕೊಳವೆಯ ಉದ್ದಕ್ಕೂ ಬೈಕಿನಲ್ಲಿ ಓಡಾಡಿ ನೀರು ಬಿಡುವವನು, ನಿಲ್ಲಿಸುವವನು ವಾಲ್ವ್‌ಮನ್. ಫೋನು ಬಂದದ್ದು ಅವನಿಂದ.

"ಮಿಸ್ತ್ರ್ಯಾರ, ಏರ್ ವಾಲ್ವಿನ ಕೆಳಗ ಸೋರಾಕತ್ತೈತ್ರಿ. ಕೊನೀ ಊರಿನ ಟಾಕಿ ಅರ್ಧಾನೂ ತುಂಬವಲ್ದು. ಅಲ್ಲಿ ಮಂದಿ ನನ್ನ ಮ್ಯಾಲ ಹರಿಹಾಯಾಕತ್ಯಾರ. ಲಗೂನ ಬರ್ರಿ."

ಕೊಳವೆ ಏರು ಹತ್ತಿ ಇಳಿಯುವ ಕಡೆ ಒಳಗಿನ ಗಾಳಿ ಹೊರಗೆ ಹೋಗಲು ಏರ್ ವಾಲ್ವ್ ಇಡುತ್ತಾರೆ. ಗಾಳಿ ಒಳಗೇ ಸಿಕ್ಕಿಕೊಂಡರೆ ನೀರು ಮುಂದೆ ಹೋಗುವುದಿಲ್ಲ. ನಮ್ಮ ಏರ್ ವಾಲ್ವು ದಿಬ್ಬದ ಮೇಲೆ, ಸಿಮೆಂಟ್ ರಿಂಗಿನ ಗುಂಡಿಯಲ್ಲಿ ಕೂತಿತ್ತು. ಅದರ ಕೆಳಗೆ ನೀರು ಬಂದ್ ಮಾಡುವ ಒಂದು ಸಣ್ಣ ವಾಲ್ವು. ಇವೆರಡರ ನಡುವೆ ಫ್ಲ್ಯಾಂಜಿನ ಜೋಡಣೆ, ಅಂದರೆ ಎರಡು ದುಂಡನೆಯ ಕಬ್ಬಿಣದ ಅಂಚುಗಳನ್ನು ಎದುರುಬದುರು ಇಟ್ಟು, ನಡುವೆ ರಬ್ಬರಿನ ಗ್ಯಾಸ್ಕೆಟ್ ಕೂಡಿಸಿ, ಸುತ್ತ ಎಂಟು ಬೋಲ್ಟು ಬಿಗಿದದ್ದು. ನೀರು ಈ ಜೋಡಣೆಯ ಕೆಳಮಗ್ಗುಲಿಂದ ಬೀಸಣಿಗೆಯಂತೆ ಚಿಮ್ಮುತ್ತಿತ್ತು. ಸುತ್ತ ಬಿರುಬಿಸಿಲಿಗೆ ಎರೆ ಹೊಲ ಬಾಯಿ ಬಿಟ್ಟಿದ್ದರೂ ಆ ಗುಂಡಿಯ ಬಳಿ ಮಾತ್ರ ಹಸಿರು ಹುಲ್ಲಿತ್ತು. ಪಕ್ಕದಲ್ಲಿ ಕೊಡ ಇಡುವಷ್ಟು ಅಗಲದ, ತಿಕ್ಕಿ ತಿಕ್ಕಿ ನುಣುಪಾದ ಹಾಸುಗಲ್ಲು. ನಾನು ಅದರ ಮೇಲೆಯೇ ನನ್ನ ಚೀಲ ಇಟ್ಟೆ. ಆ ಕಲ್ಲು ಅಲ್ಲೇಕಿದೆ ಎಂದು ಯೋಚಿಸಲಿಲ್ಲ.

ಬಿಚ್ಚಿ ನೋಡಿದಾಗ ಕಾರಣ ಸಿಕ್ಕಿತು ಅನಿಸಿತು. ಎರಡು ಬೋಲ್ಟುಗಳಿಗೆ ಬೇರೆ ಜಾತಿಯ ನಟ್ಟು ಹಾಕಿದ್ದರು. ಬೋಲ್ಟು ಹದಿನಾರು ಮಿಲಿಮೀಟರಿನದು. ನಟ್ಟು ಐದು ಸೂತಿನದು. ನಮ್ಮ ಕಡೆ ಹಳೆಯ ಮಿಸ್ತ್ರಿಗಳು ಈಗಲೂ ಸೂತಿನ ಲೆಕ್ಕದಲ್ಲೇ ಮಾತಾಡುತ್ತಾರೆ. ಇಂಚಿನಲ್ಲಿ ಎಂಟನೇ ಒಂದು ಪಾಲಿಗೆ ಒಂದು ಸೂತು. ಕಬ್ಬಿಣದ ಅಂಗಡಿಯಲ್ಲಿ ಎರಡೂ ಒಂದೇ ಗೋಣಿಚೀಲದಲ್ಲಿ ಬಿದ್ದಿರುತ್ತವೆ, ಕಣ್ಣಿಗೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ದಪ್ಪ ಹೆಚ್ಚುಕಡಿಮೆ ಒಂದೇ, ಆದರೆ ಥ್ರೆಡ್ಡಿನ ಅಂತರ ಬೇರೆ. ಐದು ಸೂತಿನ ನಟ್ಟು ಹದಿನಾರರ ಬೋಲ್ಟಿನ ಮೇಲೆ ಎರಡು ಮೂರು ಸುತ್ತು ಸಲೀಸಾಗಿ ಹೋಗಿ, ಆಮೇಲೆ ಗಟ್ಟಿಯಾಗುತ್ತದೆ. ಬಿಗಿಯುವವನು ಸಾಕು ಎಂದು ಪಾನಾ, ಅಂದರೆ ಸ್ಪ್ಯಾನರ್, ಕೆಳಗಿಡುತ್ತಾನೆ. ಅಲ್ಲಿ ಥ್ರೆಡ್ಡಿಗೆ ಥ್ರೆಡ್ಡು ಕಚ್ಚಾಡಿ ನಿಂತಿರುತ್ತದೆಯೇ ಹೊರತು ಫ್ಲ್ಯಾಂಜು ಬಿಗಿಯಾಗಿರುವುದಿಲ್ಲ. ಈ ಸುಳ್ಳು ಬಿಗಿಯಷ್ಟು ನನಗೆ ಸಿಟ್ಟು ತರಿಸುವುದು ಬೇರೊಂದಿಲ್ಲ.

"ಇದನ್ನ ಯಾರ್ ಹಾಕಿದ್ರಪಾ?" ಎಂದೆ.

"ನಾ ಅಲ್ರಿ," ಎಂದ ವಾಲ್ವ್‌ಮನ್. ನಾನು ನಂಬಲಿಲ್ಲ.

ಹೊಸ ಗ್ಯಾಸ್ಕೆಟ್ ಹಾಕಿದೆ, ಎಂಟೂ ಬೋಲ್ಟು ಹೊಸವು ಹಾಕಿದೆ. ನಟ್ಟಿನ ಕೆಳಗೆ ಚಪ್ಪಟೆ ವಾಶರ್ ಕೂಡಿಸಿ, ಎದುರುಬದುರಾಗಿ ಬಿಗಿದೆ. ಲಾರಿಯ ಚಕ್ರಕ್ಕೆ ನಟ್ಟು ಬಿಗಿಯುವ ಹಾಗೆಯೇ: ಮೇಲಿನದು, ಅದರ ಎದುರಿನ ಕೆಳಗಿನದು, ಎಡದ್ದು, ಅದರ ಎದುರಿನ ಬಲದ್ದು. ಮೊದಲ ಸುತ್ತು ಕೈಬಿಗಿ, ಎರಡನೆಯದು ಅರೆಬಿಗಿ, ಮೂರನೆಯದು ಪೂರ್ತಿ. ಒಂದೇ ಕಡೆಯಿಂದ ಬಿಗಿಯುತ್ತ ಹೋದರೆ ಫ್ಲ್ಯಾಂಜು ವಾಲಿ ಗ್ಯಾಸ್ಕೆಟ್ಟನ್ನು ಕಚ್ಚುತ್ತದೆ. ನೀರು ಬಿಟ್ಟು ಒಣ ಬಟ್ಟೆಯಿಂದ ಸುತ್ತ ಒರೆಸಿದೆ. ಬಟ್ಟೆ ಒಣಗಿಯೇ ಇತ್ತು.

ವಾರ ಕಳೆಯುವಷ್ಟರಲ್ಲಿ ಮತ್ತೆ ಫೋನು.

ಸಾಹೇಬರಿಗೆ ಹೇಳಿದೆ. ಅವರ ಬಳಿ ಕಾರಣ ತಯಾರಿತ್ತು. "ಎರಿ ಭೂಮಿ ಐತಪಾ. ಬ್ಯಾಸಗಿಗೆ ಬಿರುಕ ಬಿಡತೈತಿ, ಪೈಪ್ ಜಗ್ಗತೈತಿ. ಸ್ಪ್ರಿಂಗ್ ವಾಶರ್ ಹಾಕು, ಸಡಲಾಗಂಗಿಲ್ಲ."

ಮಾತಿನಲ್ಲಿ ಸುಳ್ಳಿರಲಿಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಕೊಳವೆಯ ಕೀಲುಗಳನ್ನು ಸುಮ್ಮನೆ ಬಿಡುವುದಿಲ್ಲ. ಸ್ಪ್ರಿಂಗ್ ವಾಶರ್ ಹಾಕಿದೆ. ಸೀಳಿದ ಬಳೆಯಂಥ ಆ ವಾಶರ್ ನಟ್ಟನ್ನು ಸದಾ ಹಿಂದಕ್ಕೆ ಒತ್ತುತ್ತ ನಡುಕಕ್ಕೆ ಸಡಿಲವಾಗದಂತೆ ಹಿಡಿಯುತ್ತದೆ. ಆದರೂ ನನ್ನ ಮನಸ್ಸಿನಲ್ಲಿ ಒಂದು ಗುಂಗಿ ಹುಳ ಕೊರೆಯುತ್ತಿತ್ತು. ಅದಕ್ಕೇ ಈ ಸಲ ಹಳದಿ ಬಣ್ಣದ ಬಾಟಲಿ ತೆಗೆದು, ಪ್ರತಿ ನಟ್ಟಿನ ಮೇಲಿಂದ ಫ್ಲ್ಯಾಂಜಿನವರೆಗೆ ಒಂದೊಂದು ನೇರ ಗೆರೆ ಎಳೆದೆ. ಪಂಪ್‌ಹೌಸಿನಲ್ಲಿ ಕಲಿತ ಅಭ್ಯಾಸ ಇದು. ನಟ್ಟು ತಿರುಗಿದರೆ ಗೆರೆ ತುಂಡಾಗುತ್ತದೆ; ಎಷ್ಟು ತಿರುಗಿದೆ, ಯಾವ ಕಡೆಗೆ ತಿರುಗಿದೆ ಎಂಬುದೂ ತಿಳಿಯುತ್ತದೆ.

ಮುಂದಿನ ಸಲ ಹೋದಾಗ ಆರು ಗೆರೆಗಳು ಹಾಗೇ ಇದ್ದವು. ಕೆಳಮಗ್ಗುಲಿನ ಎರಡು ಮಾತ್ರ ತುಂಡಾಗಿದ್ದವು. ಹಾಸುಗಲ್ಲಿನ ಕಡೆಗಿದ್ದ ಎರಡು. ನಟ್ಟುಗಳ ಮೂಲೆಗಳಲ್ಲಿ ಪಾನಾ ಕಚ್ಚಿದ ಹೊಳಪು. ಭೂಮಿ ಜಗ್ಗಿದ್ದರೆ ಎಂಟೂ ಕಡೆ ಏನಾದರೂ ಆಗಬೇಕಿತ್ತು. ಎರೆ ಭೂಮಿಗೆ ಪಾನಾ ಹಿಡಿಯಲು ಬರುವುದಿಲ್ಲ.

ಸಾಹೇಬರಿಗೆ ಫೋಟೋ ಕಳಿಸಿದೆ. ಯಾರೋ ಕಿಡಿಗೇಡಿಗಳು, ಬಿಚ್ಚಲು ಬಾರದ ನಟ್ಟು ಹಾಕು ಎಂದರು. ಆಮೇಲಿನ ದಿನಗಳಲ್ಲಿ ನಾನು ನನ್ನ ವಿದ್ಯೆಯನ್ನೆಲ್ಲ ಆ ಎರಡು ಬೋಲ್ಟುಗಳ ಮೇಲೆ ಸುರಿದೆ. ಮೊದಲು ನಟ್ಟಿನ ಮೇಲೆ ಇನ್ನೊಂದು ನಟ್ಟು, ಅಂದರೆ ಲಾಕ್ ನಟ್ಟು. ಒಂದನ್ನೊಂದು ಒತ್ತಿ ಹಿಡಿಯುವ ಈ ಜೋಡಿ ಪಂಪಿನ ನಡುಕಕ್ಕೆ ಎಷ್ಟು ವರ್ಷವಾದರೂ ಜಗ್ಗದು, ಆದರೆ ಎರಡು ಪಾನಾ ಇದ್ದವರಿಗೆ ಅರ್ಧ ನಿಮಿಷದ ಕೆಲಸ. ಅದೂ ಬಿಚ್ಚಿತ್ತು. ಆಮೇಲೆ ನೈಲಾಕ್, ಒಳಗೆ ನೈಲಾನ್ ಬಳೆ ಇರುವ ನಟ್ಟು. ಅದನ್ನು ತಿರುಗಿಸಲು ಕೊನೆಯವರೆಗೂ ಬಲ ಬೇಕು. ಬಲ ಹಾಕಿದ್ದರು. ಕೊನೆಗೆ ಬೋಲ್ಟಿನ ತುದಿಯನ್ನೇ ಸೆಂಟರ್ ಪಂಚಿನಿಂದ ಕುಟ್ಟಿ ಥ್ರೆಡ್ಡು ಚಪ್ಪಟೆ ಮಾಡಿದೆ. ಈಗ ನಟ್ಟು ಹಿಂದಕ್ಕೆ ಬರಲು ದಾರಿಯೇ ಇರಲಿಲ್ಲ. ಗೆದ್ದೆ ಅಂದುಕೊಂಡು ಮುದ್ದೇಬಿಹಾಳದ ಹೋಟೆಲಿನಲ್ಲಿ ಚುನಮುರಿ, ಮಿರ್ಚಿ ತಿಂದು ಮನೆಗೆ ಹೋದೆ. ಅವರು ಪಕ್ಕದ ಎರಡು ಬೋಲ್ಟು ಬಿಚ್ಚಿದರು.

ಆ ಹೊತ್ತಿಗೆ ಕೊನೆಯ ಊರಿನಲ್ಲಿ ಖಾಲಿ ಕೊಡಗಳನ್ನು ರಸ್ತೆಗೆ ಅಡ್ಡ ಇಟ್ಟು ಬಸ್ಸು ನಿಲ್ಲಿಸಿದ್ದರು. ನನ್ನ ಕೆಲಸದ ಮೇಲೇ ಎಲ್ಲರ ಕಣ್ಣು. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು, ಸ್ವಲ್ಪ ಅವಮಾನವೂ ಆಗಿತ್ತು. ಇಷ್ಟು ವರ್ಷ ಪಾನಾ ಹಿಡಿದವನಿಗೆ ಎರಡು ನಟ್ಟು ನಿಲ್ಲಿಸಲಾಗಲಿಲ್ಲ ಎಂದರೆ ಯಾರ ಮುಂದೆ ಮುಖ ತೋರಿಸುವುದು?

ನಟ್ಟು ಬಿಚ್ಚುವವರನ್ನು ಹಿಡಿಯಲು ನಾನೇನೂ ಹೊಂಚು ಹಾಕಲಿಲ್ಲ. ಬೇರೆ ಕೆಲಸಕ್ಕೆ ಹೊರಟಿದ್ದೆ, ಅಂದು ಸ್ವಲ್ಪ ಬೇಗ. ಹೊತ್ತು ಆಗಷ್ಟೇ ಮೂಡಿತ್ತು. ಪಂಪು ಶುರುವಾಗಿ ಕೊಳವೆಗೆ ನೀರು ಬರುವ ಹೊತ್ತು ಅದು, ವಾಲ್ವ್‌ಮನ್ ಈ ಕಡೆ ಬರಲು ಇನ್ನೂ ಸಮಯವಿತ್ತು. ದಿಬ್ಬದ ಮೇಲೆ ಹೆಂಗಸರು ಸಾಲಾಗಿ ನಿಂತಿದ್ದರು. ಗದ್ದಲವಿಲ್ಲ, ಜಗಳವಿಲ್ಲ. ಗುಂಡಿಯ ಅಂಚಿಗೆ ಒಬ್ಬ ಹೆಣ್ಣುಮಗಳು ಹೊಟ್ಟೆ ಮೇಲೆ ಮಲಗಿ ಒಳಗೆ ಕೈ ಬಿಟ್ಟಿದ್ದಳು. ಹಾಸುಗಲ್ಲಿನ ಮೇಲೆ ಒಂದು ಕೊಡ ತುಂಬುತ್ತಿತ್ತು, ಅಷ್ಟೇ ನೀರು ಪಕ್ಕದ ತಗ್ಗಿಗೆ ಹರಿದು ಹಾಳಾಗುತ್ತಿತ್ತು.

ನಾನು ಬೈಕು ನಿಲ್ಲಿಸಿ ಹತ್ತಿರ ಹೋದೆ. ನನ್ನ ಖಾಕಿ ಅಂಗಿ, ಪಾನಾದ ಚೀಲ ನೋಡಿದರೆ ನಾನು ಯಾರೆಂಬುದು ಗೊತ್ತಾಗುತ್ತಿತ್ತು. ಯಾರೂ ಓಡಲಿಲ್ಲ. ಮಲಗಿದ್ದವಳು ತಲೆ ಎತ್ತಿ ನೋಡಿ, "ಸ್ವಲ್ಪ ತಡೀರಿ, ಇನ್ನ ಎರಡು ಮನಿ ಅದಾವು," ಎಂದಳು.

ನಾನು ತಡೆದೆ. ಯಾಕೆ ತಡೆದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಬಹುಶಃ ಅವಳು ಹೇಳಿದ ರೀತಿಯೇ ಹಾಗಿತ್ತು. ನಾನೂ ಕೊಡ ಹಿಡಿದು ಸಾಲಿನಲ್ಲಿ ನಿಂತವನು ಎಂಬಂತೆ. ಎರಡು ಮನೆಯ ಕೊಡಗಳು ತುಂಬಿದ ಮೇಲೆ ಅವಳು ಪಾನಾ ಹಚ್ಚಿ, ಮೈಭಾರವನ್ನೆಲ್ಲ ಹಾಕಿ ನಟ್ಟು ಬಿಗಿದಳು. ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ವಯಸ್ಸು ನಲವತ್ತರ ಆಚೆ. ಕೈಯಲ್ಲಿ ಇಪ್ಪತ್ನಾಲ್ಕರ ಪಾನಾ, ಹಿಡಿಗೆ ಮೊಳದುದ್ದದ ಕೊಳವೆ ಬೆಸೆದದ್ದು. ಅಷ್ಟು ಉದ್ದದ ಹಿಡಿಯಿದ್ದರೆ ನನ್ನ ನೈಲಾಕ್ ಏನು ಮಾಡೀತು?

"ಯಕ್ಕಾ, ಇದೇನ್ ಮಾಡಾಕತ್ತೀರಿ? ಅಲ್ಲಿ ಕೊನೀ ಊರಿಗೆ ನೀರಿಲ್ಲ, ಗೊತ್ತೈತಿ?"

"ಇಲ್ಲೂ ಇಲ್ಲ ತಮ್ಮಾ. ಅದು ನಿನಗ ಗೊತ್ತೈತಿ?"

ದಿಬ್ಬದ ಆಚೆ, ಹೊಲಗಳ ನಡುವೆ ಅವರ ವಸ್ತಿ. ಕೂಲಿಗೆ ಹೋಗುವವರು, ತುಂಡು ಹೊಲ ಮಾಡುವವರು ಸೇರಿ ಕಟ್ಟಿಕೊಂಡ ಒಂದು ಮುಷ್ಟಿ ಮನೆಗಳು. ಊರು ಅಲ್ಲಿಗೆ ದೂರ. ಊರಿನ ಲೆಕ್ಕದಲ್ಲಿ ಇವರೂ ಊರಿನವರೇ, ಊರಿಗೆ ನಳ ಬಂದಿದೆ, ಆದ್ದರಿಂದ ಇವರಿಗೂ ಬಂದಿದೆ ಎಂದು ಬರೆದುಕೊಂಡಿದ್ದರು. ಕೊಳವೆ ಮಾತ್ರ ವಸ್ತಿಯ ಎದುರಿನಿಂದಲೇ ಹಾದು ಹೋಗಿತ್ತು.

"ಬೋರ್ ಇಲ್ಲೇನು?" ಎಂದೆ.

"ಐತಿ. ಸವಳ ನೀರು. ದಿನಪೂರ್ತಿ ಕುದಿಸಿದರೂ ಬ್ಯಾಳಿ ಬೇಯಂಗಿಲ್ಲ. ಕುಡದ್ರ ಹುಡುಗರ ಹೊಟ್ಟಿ ನಿಲ್ಲಂಗಿಲ್ಲ."

ಪಾನಾ ಅವಳೊಬ್ಬಳದಲ್ಲ. ಅದಕ್ಕೆ ಪಾಳಿ ಇತ್ತು. ದಿನಕ್ಕೊಂದು ಮನೆಯಂತೆ ಸುತ್ತುತ್ತಿತ್ತು. ಯಾರ ಮನೆಯಲ್ಲಿ ಪಾನಾ ಇದೆಯೋ ಅವರು ಮೊದಲು ಬಂದು ಬಿಚ್ಚಬೇಕು, ಎಲ್ಲರ ಕೊಡ ತುಂಬುವವರೆಗೆ ನಿಲ್ಲಬೇಕು, ಬಿಗಿದು ಹೋಗಬೇಕು, ಸಂಜೆ ಮುಂದಿನ ಮನೆಗೆ ಮುಟ್ಟಿಸಬೇಕು. ತನ್ನ ಕೊಡ ಕೊನೆಗೆ. ಬಿಗಿಯದೇ ಹೋದ ಮನೆಯವರಿಗೆ ಮುಂದಿನ ಸುತ್ತು ನೀರಿಲ್ಲ. ಇದನ್ನು ಅವಳು ನನಗೆ ವಿವರಿಸಿ ಹೇಳಿದ್ದು ಸಮರ್ಥಿಸಿಕೊಳ್ಳಲು ಅಲ್ಲ. ತಾವು ಬಿಟ್ಟಿ ಬೇಜವಾಬ್ದಾರಿ ಜನ ಅಲ್ಲ ಎಂದು ತಿಳಿಸಲು.

"ಬಿಗೀತೀರಿ ಖರೆ," ಎಂದೆ, "ಆದ್ರ ಎರಡ ಬೋಲ್ಟ್ ಅಷ್ಟ ಬಿಚ್ಚಿ, ಎರಡ ಅಷ್ಟ ಬಿಗೀತೀರಿ. ಫ್ಲ್ಯಾಂಜ್ ವಾಲತೈತಿ, ಒಳಗಿನ ರಬ್ಬರ್ ಹರೀತೈತಿ. ಅದಕ್ಕ ನೀವು ಬಿಗಿದ ಹೋದ ಮ್ಯಾಲೂ ದಿನಾನೂ ಸೋರತೈತಿ."

ಅವಳು ಗುಂಡಿಯೊಳಗೆ ಬಗ್ಗಿ ನೋಡಿದಳು. ಬಿಗಿದ ಮೇಲೂ ಸಣ್ಣಗೆ ನೀರು ಜಿನುಗುತ್ತಿತ್ತು. "ನಾವು ಜೋರಾಗಿ ಬಿಗೀತೀವಿ. ಇನ್ನೂ ಜೋರ್ ಬೇಕೇನೋ ಅಂತ ಕೊಳವಿ ಬೆಸಿಸಿದಿವಿ," ಎಂದಳು. ತಪ್ಪು ಅಲ್ಲೇ ಇತ್ತು. ಸೋರಿದಷ್ಟೂ ಆ ಎರಡನ್ನೇ ಜೋರಾಗಿ ಬಿಗಿದಿದ್ದರು, ಬಿಗಿದಷ್ಟೂ ಜೋಡಣೆ ವಾಲಿತ್ತು. ಮೊದಲ ದಿನ ನಾನು ಕಂಡ ಐದು ಸೂತಿನ ನಟ್ಟುಗಳೂ ಅವರದೇ. ಹಳೆಯ ನಟ್ಟಿನ ಥ್ರೆಡ್ಡು ಕೆಟ್ಟಾಗ ಸಂತೆಯಿಂದ ತಂದು ಹಾಕಿದ್ದರು. ವಾಲ್ವ್‌ಮನ್ ಸುಳ್ಳು ಹೇಳಿರಲಿಲ್ಲ.

ನಾನು ಕಂಡದ್ದನ್ನು ಕಂಡ ಹಾಗೆ ಸಾಹೇಬರಿಗೆ ಹೇಳಿದೆ. ಕೆಟ್ಟ ಮನುಷ್ಯರಲ್ಲ ಅವರು, ಆದರೆ ಮೇಲಿನಿಂದ ದಿನಾ ಫೋನು ಬರುತ್ತಿತ್ತು.

"ವಸ್ತಿಗೆ ನಳ ಕೊಡೂದು ನನ್ನ ಕೈಯಾಗಿಲ್ಲ, ನಿನ್ನ ಕೈಯಾಗಂತೂ ಮೊದಲ ಇಲ್ಲ. ವೆಲ್ಡಿಂಗ್ ಮಷಿನ್ ಕಳಸ್ತೇನಿ. ಎಂಟೂ ನಟ್ ವೆಲ್ಡ್ ಮಾಡಿ ಮುಗಿಸಿಬಿಡು."

ಮಷಿನ್ ಮರುದಿನವೇ ಬಂತು, ಟ್ರಾಕ್ಟರಿನ ಹಿಂದೆ ಜನರೇಟರ್, ಜೊತೆಗೊಬ್ಬ ವೆಲ್ಡರ್ ಸಮೇತ. ವಸ್ತಿಯ ಹೆಂಗಸರು ದೂರದ ಬದುವಿನ ಮೇಲೆ ಬಂದು ನಿಂತರು. ಯಾರೂ ಅಡ್ಡ ಬರಲಿಲ್ಲ, ಬೈಯಲಿಲ್ಲ. ಪಾನಾದವಳು ಮಾತ್ರ ಕೈಕಟ್ಟಿ ನನ್ನನ್ನೇ ನೋಡುತ್ತಿದ್ದಳು. ನಾನು ಗುಂಡಿಗೆ ಇಳಿದು ಬೋಲ್ಟುಗಳ ಮುಂದೆ ಕೂತೆ.

ಒಂದನ್ನೊಂದು ಹಿಡಿಸುವ ವಸ್ತುಗಳಲ್ಲಿ ಎರಡು ಬಗೆ. ಗೋಡೆಗೆ ಹೊಡೆದ ಮೊಳೆ, ಕೊಡಪಾನದ ಕಿವಿಗೆ ಹಾಕಿದ ರಿವೆಟ್ಟು, ಇವು ಬಿಚ್ಚುವುದಕ್ಕಲ್ಲ. ಬಿಚ್ಚಿದರೆ ಏನಾದರೊಂದು ಕೆಡುತ್ತದೆ. ಬಾಗಿಲ ಬಿಜಾಗರಿಯ ಸ್ಕ್ರೂ, ಗಾಡಿಯ ಅಚ್ಚಿನ ಕಡಾಣಿ, ನಟ್ಟು ಬೋಲ್ಟು, ಇವು ಇನ್ನೊಮ್ಮೆ ಬಿಚ್ಚಬೇಕಾಗುತ್ತದೆ ಎಂದು ಗೊತ್ತಿದ್ದವರು ಹಾಕುವಂಥವು. ಎಲ್ಲಿ ಬೋಲ್ಟು ಇದೆಯೋ ಅಲ್ಲಿ ಮುಂದೆ ಒಬ್ಬ ಮನುಷ್ಯ ಪಾನಾ ಹಿಡಿದು ಬರುತ್ತಾನೆ ಎಂದೇ ಅರ್ಥ. ಏರ್ ವಾಲ್ವಿನ ಒಳಗೆ ಗಾಳಿ ಬಿಟ್ಟು ನೀರು ತಡೆಯುವ ಒಂದು ಚೆಂಡಿರುತ್ತದೆ, ಅದಕ್ಕೆ ಹೊಳೆಯ ಕೆಸರು ಅಂಟುತ್ತದೆ. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ತೊಳೆಯಲೇಬೇಕು. ವೆಲ್ಡ್ ಮಾಡಿದರೆ ತೊಳೆಯುವುದು ಹೇಗೆ? ಚೆಂಡು ಸಿಕ್ಕಿಕೊಳ್ಳುತ್ತದೆ, ಗಾಳಿ ಒಳಗೆ ನಿಲ್ಲುತ್ತದೆ, ಕೊನೆಯ ಊರಿಗೆ ಮತ್ತೆ ನೀರಿಲ್ಲ. ಗ್ಯಾಸ್ಕೆಟ್ ಹೋದರಂತೂ ಎಲ್ಲವನ್ನೂ ಕೊಯ್ದು ತೆಗೆಯಬೇಕು. ಇವು ನಾನು ಸಾಹೇಬರಿಗೆ ಫೋನಿನಲ್ಲಿ ಹೇಳಿದ ಕಾರಣಗಳು, ಎಲ್ಲವೂ ನಿಜವೇ. ಹೇಳದೇ ಬಿಟ್ಟ ಕಾರಣ ಬದುವಿನ ಮೇಲೆ ನಿಂತಿತ್ತು.

"ಹಂಗಾದ್ರ ಏನ್ ಮಾಡ್ತಿ?" ಎಂದರು ಸಾಹೇಬರು.

"ಕೈಯಿಂದ ಗಾಳಿ ಬಿಡಾಕ ಒಂದು ಸಣ್ಣ ಕಾಕ್ ಕೂಡಸ್ತೇನ್ರಿ. ಚೆಂಡ ಸಿಕ್ಕೊಂಡ್ರೂ ಗಾಳಿ ಹೋಗಬೇಕಲ್ಲ."

"ಗಾಳಿ ಅಷ್ಟ ಹೋಗತೈತಿ?"

"ಗಾಳಿ ಹಿಂದ ನೀರೂ ಸ್ವಲ್ಪ ಬರತೈತ್ರಿ."

ಅವರಿಗೆ ಅರ್ಥವಾಯಿತು. ಎಂಜಿನಿಯರ್ ಆದವರಿಗೆ ಅರ್ಥವಾಗದಿರಲು ಅದರಲ್ಲಿ ಏನೂ ಇರಲಿಲ್ಲ. "ನಾ ಇದನ್ನ ಕೇಳಿಲ್ಲ," ಎಂದರು, "ಬರೂ ವಾರದಾಗ ಕೊನೀ ಊರಿನ ಟಾಕಿ ತುಂಬಬೇಕು. ತುಂಬಲಿಲ್ಲಂದ್ರ ಕಾಕೂ ಇರಂಗಿಲ್ಲ, ನೀನೂ ಇರಂಗಿಲ್ಲ." ಫೋನು ಇಟ್ಟರು.

ವೆಲ್ಡರನನ್ನು ನಿಲ್ಲಿಸಿ ನಾನು ಮುದ್ದೇಬಿಹಾಳಕ್ಕೆ ಓಡಿದೆ. ಲೇಥಿನ ಅಂಗಡಿಯಲ್ಲಿ ಎರಡು ಬೆರಳು ದಪ್ಪದ ಉಕ್ಕಿನ ಬಳೆ ಮಾಡಿಸಿದೆ, ಫ್ಲ್ಯಾಂಜಿನ ಅಳತೆಗೆ ಸರಿಯಾಗಿ, ಎಂಟು ತೂತು ಕೊರೆಸಿ. ಬಳೆಯ ಮಗ್ಗುಲಲ್ಲಿ ಅರ್ಧ ಇಂಚಿನ ತೂತು ಕೊರೆಸಿ, ಒಳಗೆ ಥ್ರೆಡ್ಡು ಹಾಕಿಸಿದೆ. ಇದನ್ನು ಎರಡು ಫ್ಲ್ಯಾಂಜುಗಳ ನಡುವೆ ಕೂಡಿಸಿದರೆ ಮಗ್ಗುಲಿನ ತೂತಿಗೆ ಒಂದು ಕಾಕ್, ಅಂದರೆ ಸಣ್ಣ ನಲ್ಲಿ, ತಿರುಗಿಸಿ ಕೂಡಿಸಬಹುದು. ಬಳೆ ದಪ್ಪವಿದ್ದುದರಿಂದ ಹಳೆಯ ಬೋಲ್ಟು ಸಾಲುತ್ತಿರಲಿಲ್ಲ. ಬೋಲ್ಟಿನ ಉದ್ದ ಅಂದಾಜಿನದಲ್ಲ: ಬಿಗಿದ ಮೇಲೆ ನಟ್ಟಿನಾಚೆ ಎರಡು ಮೂರು ಥ್ರೆಡ್ಡು ಕಾಣಬೇಕು. ಕಡಿಮೆಯಾದರೆ ಹಿಡಿತವಿಲ್ಲ, ಹೆಚ್ಚಾದರೆ ತುಕ್ಕು ಹಿಡಿದು ನಾಳೆ ಬಿಚ್ಚುವವನಿಗೆ ಗೋಳು. ಕಬ್ಬಿಣದ ಅಂಗಡಿಯವರು ಗೋಣಿಚೀಲ ಸುರಿದು, "ಬೇಕಾದ್ದ ಆರಿಸ್ಕೋರಿ," ಎಂದರು. ಪ್ರತಿ ಬೋಲ್ಟಿಗೂ ಅದರ ನಟ್ಟನ್ನು ಅಲ್ಲೇ ಬೆರಳಿನಿಂದ ಕೊನೆಯವರೆಗೆ ತಿರುಗಿಸಿ ನೋಡಿದೆ. ಬೆರಳಿಗೆ ಹೋಗದ ನಟ್ಟನ್ನು ಪಾನಾದಿಂದ ಹಾಕಬಾರದು. ಐದು ಸೂತಿನವು ಮೂರು ನಾಲ್ಕು ಸಿಕ್ಕವು, ಅವನ್ನು ಬೇರೆ ಇಟ್ಟೆ.

ಕಾಕಿನ ವಿಷಯದಲ್ಲಿ ಯೋಚನೆ ಹತ್ತಿತು. ಹಿಡಿಯಿದ್ದರೆ ದಾರಿಯಲ್ಲಿ ಹೋಗುವವರೆಲ್ಲ ತಿರುಗಿಸುತ್ತಾರೆ, ಕಾಲು ತೊಳೆಯುತ್ತಾರೆ, ಎಮ್ಮೆ ಮೈ ತೊಳೆಯುತ್ತಾರೆ, ತೆರೆದಿಟ್ಟು ಹೋಗುತ್ತಾರೆ. ಬೀಗ ಹಾಕಿದರೆ ಬೀಗದ ಕೈ ಒಬ್ಬರ ಸೊಂಟ ಸೇರುತ್ತದೆ. ಮರುದಿನ ಕಾಕಿನ ಹಿಡಿಯನ್ನು ಕೊಯ್ದು ತೆಗೆದು, ಅದರ ತಲೆಗೆ ಒಂದು ಹದಿನಾರರ ನಟ್ಟು ಇಟ್ಟು ವೆಲ್ಡ್ ಮಾಡಿಸಿದೆ. ಆ ನಟ್ಟಿಗೆ ಬೇಕಾದದ್ದು ಇಪ್ಪತ್ನಾಲ್ಕರ ಪಾನಾ, ವಸ್ತಿಯಲ್ಲಿ ಪಾಳಿ ಸುತ್ತುವಂಥದ್ದೇ. ಸಾಹೇಬರು ಕಳಿಸಿದ ಮಷಿನ್‌ನಿಂದ ಆದ ಕೆಲಸ ಅದೊಂದೇ.

ಬಳೆ ಕೂಡಿಸುವಾಗ ಪಾನಾದವಳನ್ನು ಕರೆದೆ. ಕೆಳಗೊಂದು, ಮೇಲೊಂದು, ಎರಡು ಹೊಸ ಗ್ಯಾಸ್ಕೆಟ್. ಎದುರುಬದುರು ಬಿಗಿಯುವುದನ್ನು ಮಾಡಿ ತೋರಿಸಿದೆ. ಅವಳು ಕೊನೆಯ ಸುತ್ತನ್ನು ತಾನೇ ಬಿಗಿದಳು. ಉದ್ದದ ಹಿಡಿ ಹಿಡಿದು ಮೈಭಾರ ಹಾಕಲು ಹೋದಾಗ ಬೇಡವೆಂದೆ.

"ಕೈ ಭಾರ ಸಾಕ್ರಿ ಯಕ್ಕಾ. ಜೋರ್ ಮಾಡಿದ್ರ ಬೋಲ್ಟ್ ಎಳದ ಸಾಯತೈತಿ. ಎಂಟೂ ಒಂದ ಸಮ ಇರಬೇಕು, ಅಷ್ಟ."

"ಇಷ್ಟ ಹೌದಲ್ಲ. ಮೊದಲ ಹೇಳಿದ್ರ ಏನ್ ಹೋಗ್ತಿತ್ತು?" ಎಂದಳು. ಮೊದಲು ಹೇಳಲು ನಾನು ಅವಳನ್ನು ಕಂಡಿರಲಿಲ್ಲ, ಕೇಳಲು ಅವಳು ಬಂದಿರಲಿಲ್ಲ. ಇಬ್ಬರೂ ನಕ್ಕೆವು.

"ರಬ್ಬರ್ ಹೊಸದೈತಿ. ಕೆಲವು ದಿನಕ್ಕ ಕುಂತು ತೆಳ್ಳಗಾಗತೈತಿ. ಆಗ ಎಂಟನ್ನೂ ಒಂದ್ ಸ್ವಲ್ಪ ಬಿಗೀಬೇಕು. ನಾ ಬಂದು ಬಿಗೀತೇನಿ," ಎಂದೆ. ಎಂಟು ಹಳದಿ ಗೆರೆ ಎಳೆದು ಮೇಲೆ ಬಂದೆ.

ಮೊದಲ ಎರಡು ದಿನ ಕೊನೆಯ ಊರಿನ ಟಾಕಿ ತುಂಬಲಿಲ್ಲ. ನನಗೆ ಊಟ ರುಚಿಸಲಿಲ್ಲ. ವಸ್ತಿಯವರು ಕಾಕ್ ತೆರೆದೇ ಬಿಟ್ಟಿದ್ದಾರೆ ಎಂದುಕೊಂಡು ಸಿಟ್ಟಿನಲ್ಲೇ ಬೈಕು ಹತ್ತಿ ಹೋದೆ. ಕಾಕ್ ಬಂದಾಗಿತ್ತು, ಗುಂಡಿ ಒಣಗಿತ್ತು. ಆಮೇಲೆ ಮುಂದಿನ ದಿಬ್ಬದ ಏರ್ ವಾಲ್ವಿನಲ್ಲಿ ಚೆಂಡು ಸಿಕ್ಕಿಕೊಂಡದ್ದು ಗೊತ್ತಾಯಿತು. ಇಷ್ಟು ದಿನ ಇಲ್ಲಿಯ ಸೋರಿಕೆಯ ಗಲಾಟೆಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಬಿಚ್ಚಿ ಕೆಸರು ತೊಳೆದು ಹಾಕಿದೆವು. ಒಳಗಿನ ಗಾಳಿ ಬುಸ್ಸೆಂದು ಬಹಳ ಹೊತ್ತು ಹೊರಬಂತು. ಮೂರನೆಯ ದಿನ ವಾಲ್ವ್‌ಮನ್ ಫೋನು ಮಾಡಿ, ಟಾಕಿ ತುಂಬಿ ಮೇಲಿಂದ ಬೀಳುವ ನೀರಿನ ಸದ್ದನ್ನು ಕೇಳಿಸಿದ. ನನಗೆ ಕಣ್ಣಲ್ಲಿ ನೀರು ಬಂತು ಅಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಬಂತು.

ವಸ್ತಿ ಬಳಸುತ್ತಿದ್ದದ್ದು ಕೆಲವು ಕೊಡ ನೀರು. ಕೊನೆಯ ಊರಿನ ನೀರು ಕುಡಿದದ್ದು ವಾಲಿದ ಫ್ಲ್ಯಾಂಜು, ಮುಚ್ಚಿದ ಮೇಲೂ ದಿನವಿಡೀ ತಗ್ಗಿಗೆ ಸುರಿದು.

ಸಾಹೇಬರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಆ ತಿಂಗಳೇ ನನ್ನನ್ನು ಸಿಂದಗಿ ಕಡೆಯ ಇನ್ನೊಂದು ಗುತ್ತಿಗೆಗೆ ಕಳಿಸಿದರು. ಕಾಕಿನ ವಿಷಯ ಯಾರಾದರೂ ಕೆದಕಿದರೆ ಹಾಕಿದವನು ಅಲ್ಲಿರದಿದ್ದರೆ ಒಳ್ಳೆಯದು ಎಂದು ಅವರು ಯೋಚಿಸಿರಬೇಕು. ಅಲ್ಲಿ ಪಂಪಿನ ಬುನಾದಿಯ ಬೋಲ್ಟುಗಳು ಕಾಂಕ್ರೀಟಿನಿಂದ ಕಿತ್ತು ಬಂದಿದ್ದವು. ಅವನ್ನು ಮತ್ತೆ ಕೊರೆದು ಕೂಡಿಸುವ ಕೆಲಸ. ಹಗಲೆಲ್ಲ ಅದರಲ್ಲಿ ಮುಳುಗಿದೆ. ಗ್ಯಾಸ್ಕೆಟ್ ಕುಳಿತುಕೊಳ್ಳುವ ಹೊತ್ತು ಬಂತು, ದಾಟಿತು. ಹೋಗಲಾಗಲಿಲ್ಲ. ವಾಲ್ವ್‌ಮನ್‌ಗೆ ಫೋನಿನಲ್ಲಿ ಹೇಳಿದೆ, ಹೂಂ ಎಂದ. ಅವನು ಹೂಂ ಎಂದದ್ದರ ಮೇಲೆ ನನಗೆ ಭರವಸೆ ಇರಲಿಲ್ಲ. ಮತ್ತೆ ಸೋರಿದರೆ ಸಾಹೇಬರು ಮೊದಲು ಕೀಳಿಸುವುದು ಕಾಕನ್ನೇ ಎಂಬುದು ನನಗೆ ಗೊತ್ತಿತ್ತು. ಮಳೆ ಶುರುವಾಯಿತು, ಎರೆ ಮಣ್ಣು ಉಬ್ಬಿತು. ಸಿಂದಗಿಯಲ್ಲಿ ಮಳೆ ಬಂದಾಗಲೆಲ್ಲ ನನಗೆ ಆ ಎಂಟು ನಟ್ಟುಗಳೇ ಕಣ್ಣ ಮುಂದೆ ಬರುತ್ತಿದ್ದವು.

ಹೆಸರು ಬಿತ್ತಿದ ಹೊಲಗಳು ಹಸಿರಾದ ಮೇಲೆ ಒಂದು ಕೆಲಸದ ನೆಪ ಮಾಡಿಕೊಂಡು ಆ ದಾರಿಗೆ ಹೋದೆ. ಹಗಲು ಹೊತ್ತು, ವಸ್ತಿಯವರೆಲ್ಲ ಕಳೆ ತೆಗೆಯಲು ಹೋಗಿದ್ದರು. ಹಾಸುಗಲ್ಲು ಒಣಗಿತ್ತು. ಗುಂಡಿಯ ಮೇಲೆ ಯಾರೋ ಹೊಸ ಮುಚ್ಚಳ ಹಾಕಿದ್ದರು, ಹಳೆಯ ಬಾಗಿಲಿನ ಹಲಗೆ ಕೊಯ್ದು ಮಾಡಿದ್ದು. ಅದನ್ನು ಸರಿಸಿ ಒಳಗೆ ನೋಡಿದೆ.

ನನ್ನ ಎಂಟೂ ಹಳದಿ ಗೆರೆಗಳು ತುಂಡಾಗಿದ್ದವು.

ಇಳಿದು ಹತ್ತಿರದಿಂದ ನೋಡಿದೆ. ಗೆರೆಗಳು ಬಿಚ್ಚುವ ಕಡೆಗೆ ಸರಿದಿರಲಿಲ್ಲ. ಬಿಗಿಯುವ ಕಡೆಗೆ ಸರಿದಿದ್ದವು, ಎಂಟೂ ಸ್ವಲ್ಪವೇ, ಎಂಟೂ ಒಂದೇ ಸಮ. ತುಂಡಾದ ಪ್ರತಿ ಹಳದಿ ಗೆರೆಯ ಪಕ್ಕದಲ್ಲಿ ನಟ್ಟಿನಿಂದ ಫ್ಲ್ಯಾಂಜಿನವರೆಗೆ ಒಂದು ಹೊಸ ಗೆರೆ ಇತ್ತು, ಬಿಳಿಯದು. ಬೆರಳಿನಿಂದ ಮುಟ್ಟಿದೆ. ಎಲೆಗೆ ಹಚ್ಚುವ ಸುಣ್ಣ.

ಚೀಲದಿಂದ ಒಣ ಬಟ್ಟೆ ತೆಗೆದು ಫ್ಲ್ಯಾಂಜಿನ ಸುತ್ತ ಒರೆಸಿದೆ. ಬಟ್ಟೆ ಒಣಗಿಯೇ ಇತ್ತು. ಅಭ್ಯಾಸಬಲದಿಂದ ಹಳದಿ ಬಣ್ಣದ ಬಾಟಲಿಯೂ ಕೈಗೆ ಬಂದಿತ್ತು, ಅದನ್ನು ತೆರೆಯದೆ ಚೀಲಕ್ಕೆ ಹಾಕಿದೆ. ಪಾನಾ ಹಚ್ಚಿ ನೋಡಬೇಕು ಎನಿಸಲಿಲ್ಲ. ಹಲಗೆ ಮುಚ್ಚಿ ಸಿಂದಗಿಯ ದಾರಿ ಹಿಡಿದೆ.